ಅಮ್ಮನ ಕತ್ತು, ತಮ್ಮನ ಹಲ್ಲು

ನನ್ನ ಹಲ್ಲು ಬೆಳ್ಳಗಿವೆ, ನನ್ನ ತಮ್ಮನ ಹಲ್ಲು ಕಂದು. ಇಬ್ಬರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಒಲೆಯ ಮುದ್ದೆ ಉಂಡವರು, ಒಂದೇ ಬೇವಿನ ಮರದ ಕಡ್ಡಿ ಮುರಿದು ಹಲ್ಲುಜ್ಜಿದವರು. ನಾನು ಹುಟ್ಟಿದ್ದು 1972ರಲ್ಲಿ, ಅವನು 1981ರಲ್ಲಿ. ನಡುವಿನ ಒಂಬತ್ತು ವರ್ಷದಲ್ಲಿ ನಮ್ಮೂರಿಗೆ ಬೋರಿಂಗ್ ಬಂತು. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಅದೊಂದೇ. ಇದನ್ನು ತಿಳಿಯಲು ನಮ್ಮ ಮನೆಗೆ ಇಪ್ಪತ್ತೈದು ವರ್ಷ ಬೇಕಾಯಿತು. ಅಷ್ಟರಲ್ಲಿ ಅಮ್ಮನ ಬೆನ್ನು ಬಾಗಿ, ಕತ್ತು ಬಿಗಿದು ಹೋಗಿತ್ತು.

ನನ್ನ ತವರು ಮಡಕಶಿರಾ ತಾಲ್ಲೂಕಿನ ರೊಳ್ಳ ಕಡೆಯ ಒಂದು ಹಳ್ಳಿ. ಸುತ್ತ ಕರ್ನಾಟಕದ ಶಿರಾ, ಮಧುಗಿರಿ, ಪಾವಗಡ. ನಡುವೆ ನಾವು ಆಂಧ್ರದವರು. ಮನೆಯಲ್ಲಿ, ಸಂತೆಯಲ್ಲಿ, ಮದುವೆಯಲ್ಲಿ, ಮಣ್ಣಿಗೆ ಹೋದಾಗ ಕನ್ನಡ; ಕಚೇರಿಗೆ ಹೋದರೆ ತೆಲುಗು. ನನ್ನನ್ನು ಕೊಟ್ಟ ಊರು ರಾಯದುರ್ಗದ ಆಚೆ, ಕಣೇಕಲ್ಲು ಸೀಮೆಯಲ್ಲಿ, ಹಗರಿ ಹೊಳೆಯ ಮರಳಿನ ದಡದಲ್ಲಿದೆ. ಅಲ್ಲಿನದೂ ಕನ್ನಡವೇ, ಆದರೆ ಬಳ್ಳಾರಿಯ ಕನ್ನಡ. ತವರಿನ ಕಡಲೆಕಾಯಿ ಅಲ್ಲಿ ಶೇಂಗಾ, ತವರಿನ ಸರದಿ ಅಲ್ಲಿ ಪಾಳಿ. ನಮ್ಮತ್ತೆ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಳ್ಳಾರಿಯಿಂದ ಬಿಡಿಸಿದರು. ಹೊಸ್ತಿಲು ದಾಟದೆಯೇ ಅವರು ಅನಂತಪುರ ಜಿಲ್ಲೆಯವರಾದರು. 2022ರ ಏಪ್ರಿಲ್‌ನಲ್ಲಿ ಮತ್ತೆ ಜಿಲ್ಲೆಗಳನ್ನು ವಿಂಗಡಿಸಿದಾಗ ನನ್ನ ತವರು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ನಾನು ಅನಂತಪುರದಲ್ಲೇ ಉಳಿದೆ.

ಅನಂತಪುರ ಎಂದರೆ ಬರ ಎಂದು ಎಲ್ಲರಿಗೂ ಗೊತ್ತು. ಮುಂಗಾರು ಮೋಡವನ್ನು ಪಶ್ಚಿಮದ ಘಟ್ಟ ತಡೆಯುತ್ತದೆ. ಹಿಂಗಾರು ಮೋಡ ಪೂರ್ವದ ಕಡಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆ, ಅದೂ ಬಂದರೆ. ಹೀಗಾಗಿ ನಮ್ಮ ಸೀಮೆಯ ಬಗ್ಗೆ ಬರೆದವರೆಲ್ಲ 'ನೀರಿಲ್ಲ' ಎಂದು ಬರೆದರು. ಅದು ಅರ್ಧ ಮಾತು. ಉಳಿದರ್ಧ ಮಾತನ್ನು ನಾನು ನನ್ನ ಮನೆಯವರ ಮೈಮೇಲೆ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಊರಿಗೆಲ್ಲ ಒಂದೇ ಬಾವಿ. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು ಬಿಂದಿಗೆ ಮುಳುಗಿಸಿ ತುಂಬಬೇಕಿತ್ತು. ಮೇಲೆ ಪಾಚಿ ಇರುತ್ತಿತ್ತು, ಅದನ್ನು ಅಂಗೈಯಲ್ಲಿ ಸರಿಸಿ ತುಂಬುತ್ತಿದ್ದೆವು. ಆ ನೀರಿನಿಂದ ನಾರುಹುಣ್ಣು ಬರುತ್ತಿತ್ತು. ಈಗಿನ ಮಕ್ಕಳಿಗೆ ಆ ಹೆಸರೇ ತಿಳಿಯದು. ಕಾಲಿನ ಹರಡಿನ ಹತ್ತಿರ ಬೊಬ್ಬೆ ಏಳುತ್ತದೆ, ಉರಿಯುತ್ತದೆ, ಒಡೆಯುತ್ತದೆ. ಒಳಗಿನಿಂದ ಬಿಳಿ ದಾರದಂಥ ಹುಳು ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದು ಬೆರಳಿನಷ್ಟು ಎಳೆಯಬೇಕು. ಅವಸರಪಟ್ಟರೆ ಹುಳು ಒಳಗೇ ಹರಿದು ಕಾಲು ಕೊಳೆಯುತ್ತದೆ. ಪೂರಾ ಬಂದರೆ ಒಂದು ಗಜದ ಹತ್ತಿರ ಇರುತ್ತದೆ. ಉರಿ ತಡೆಯಲಾರದೆ ಜನ ಆ ಕಾಲನ್ನು ಬಾವಿಯ ತಣ್ಣೀರಿಗೆ ಇಳಿಬಿಡುತ್ತಿದ್ದರು. ಹುಳು ತನ್ನ ಮರಿಗಳನ್ನು ಬಿಡುವುದು ಆಗಲೇ. ಅವು ನೀರಿನಲ್ಲಿರುವ, ಕಣ್ಣಿಗೆ ಕಾಣದ ಚಿಗಟಗಳ ಹೊಟ್ಟೆ ಸೇರಿ, ಆ ನೀರು ಕುಡಿದವರ ಮೈಯಲ್ಲಿ ಬೆಳೆದು, ಮುಂದಿನ ವರ್ಷ ಅದೇ ಹೊತ್ತಿಗೆ ಹೊರಬರುತ್ತವೆ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಪ್ಪ ಒಂದು ಮುಂಗಾರು ಪೂರ್ತಿ ಜಗಲಿಯ ಮೇಲೆ ಮಲಗಿದ್ದದ್ದು, ಅವನ ಕಾಲಿನ ಕಡ್ಡಿಯ ಮೇಲೆ ನೊಣ ಕೂರದಂತೆ ನಾನು ಹೊಂಗೆ ಸೊಪ್ಪು ಬೀಸುತ್ತಾ ಕೂತಿದ್ದದ್ದು, ಆ ವರ್ಷ ನಮ್ಮ ಹೊಲದಲ್ಲಿ ಕಡಲೆಕಾಯಿ ಬಿತ್ತದೇ ಹೋದದ್ದು ಮಾತ್ರ ಆಗಲೇ ಗೊತ್ತಿತ್ತು.

1980ರಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಲಾರಿಯ ಮೇಲೆ ಯಂತ್ರ ಬಂತು. ಎರಡು ಹಗಲು ಒಂದು ರಾತ್ರಿ ಬಂಡೆ ಕೊರೆದರು. ಬೂದಿಯಂಥ ಕಲ್ಲುಪುಡಿ ಹಾರಿ ಊರಿನ ಮನೆಗಳ ಮೇಲೆಲ್ಲ ಬಿತ್ತು. ಆಮೇಲೆ ನೀರು ಚಿಮ್ಮಿತು. ಕಬ್ಬಿಣದ ಉದ್ದ ಹಿಡಿಯ ಬೋರಿಂಗ್ ನಿಲ್ಲಿಸಿದರು. ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಅಮ್ಮ ಮೊದಲ ಬಿಂದಿಗೆಯನ್ನು ಮನೆಗೆ ತಂದು ದೇವರ ಮುಂದಿಟ್ಟಳು. ಆ ನೀರು ಕನ್ನಡಿಯ ಹಾಗಿತ್ತು, ಬೇಸಿಗೆಯಲ್ಲೂ ತಣ್ಣಗಿತ್ತು. ಮೆಟ್ಟಿಲು ಬಾವಿಗೆ ಹೋಗುವುದು ನಿಂತಿತು. ಎರಡು ವರ್ಷದಲ್ಲಿ ನಮ್ಮೂರಿನಲ್ಲಿ ನಾರುಹುಣ್ಣು ಇಲ್ಲವೇ ಇಲ್ಲ ಎನ್ನುವಂತಾಯಿತು. ಆಮೇಲೆ ಸರ್ಕಾರ ಆಂಧ್ರ, ಕರ್ನಾಟಕ ಸೇರಿ ಏಳು ರಾಜ್ಯಗಳಲ್ಲಿ ಆ ರೋಗದ ಬೆನ್ನು ಹತ್ತಿತು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಸಾರಿದರು. ಬೋರಿಂಗ್ ಮಾಡಿದ ಉಪಕಾರ ಅದು. ಅಪ್ಪನ ಕಾಲು ನೋಡಿದ ನಾನು ಅದನ್ನು ಸಣ್ಣದೆನ್ನುವುದಿಲ್ಲ.

ತಮ್ಮ ಹುಟ್ಟಿದ್ದು ಮರುವರ್ಷ. ಅವನ ಹಾಲುಹಲ್ಲು ಚೆನ್ನಾಗಿಯೇ ಇದ್ದವು. ಏಳನೇ ವಯಸ್ಸಿಗೆ ಬಂದ ಹೊಸ ಹಲ್ಲು ಸೀಮೆಸುಣ್ಣದ ಹಾಗೆ ಮಂಕಾಗಿದ್ದವು. ಬರುಬರುತ್ತಾ ಅವುಗಳ ಮೇಲೆ ಹಳದಿ ಪಟ್ಟೆ ಮೂಡಿತು, ಆಮೇಲೆ ಕಂದು. ಶಾಲೆಯಲ್ಲಿ ಮೇಷ್ಟ್ರು ಅವನನ್ನೂ ಅವನಂಥ ಇನ್ನೂ ಹತ್ತು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, ಹಲ್ಲುಜ್ಜದೆ ಬರುತ್ತೀರಾ ಎಂದು ಕೋಲಿನಿಂದ ಹೊಡೆದರು. ಅವನು ಮನೆಗೆ ಬಂದು ಇಟ್ಟಿಗೆ ಪುಡಿಯಲ್ಲಿ ಉಜ್ಜಿದ, ಇದ್ದಿಲಿನಲ್ಲಿ ಉಜ್ಜಿದ, ಉಪ್ಪಿನಲ್ಲಿ ಉಜ್ಜಿದ. ವಸಡು ಕಿತ್ತು ರಕ್ತ ಬರುತ್ತಿತ್ತು, ಪಟ್ಟೆ ಹೋಗಲಿಲ್ಲ. 'ನಿಂದು ಹೆಂಗಕ್ಕ ಬೆಳ್ಳಗದೆ?' ಎಂದು ನನ್ನ ಬಾಯಿ ತೆರೆಸಿ ನೋಡುತ್ತಿದ್ದ. ನನ್ನಲ್ಲಿ ಉತ್ತರವಿರಲಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಅವನು ಹತ್ತನೇ ವಯಸ್ಸಿಗೆ ಕಲಿತ. ನಲವತ್ತು ದಾಟಿದರೂ ಆ ಕೈ ಇಳಿದಿಲ್ಲ. ಅವನ ಮದುವೆಗೆ ಹೆಣ್ಣು ನೋಡಲು ಹೋದಾಗ ಎರಡು ಮನೆಯವರು, ಹುಡುಗನಿಗೆ ಏನೋ ಕಾಯಿಲೆ ಇದೆ ಎಂದು ಹಿಂದೆ ಸರಿದರು. ಕೊನೆಗೆ ಹೆಣ್ಣು ಸಿಕ್ಕಿದ್ದು ಪಕ್ಕದ ಊರಿನಲ್ಲಿ. ಆ ಹುಡುಗಿಯ ಹಲ್ಲೂ ಹಾಗೇ ಇದ್ದವು.

ನನ್ನ ಮದುವೆ ಆದದ್ದು 1992ರಲ್ಲಿ. ಗಂಡನ ಊರಿಗೆ ಬಂದಾಗ ಮೊದಲು ಕಂಡದ್ದು ಮರಳು. ಹಗರಿಯಲ್ಲಿ ನೀರಿಲ್ಲ, ಬರೀ ಮರಳು; ಆ ಮರಳು ಗಾಳಿಗೆ ಎದ್ದು ಹೊಲಕ್ಕೆ ಬಂದು ದಿಬ್ಬವಾಗಿ ನಿಂತಿತ್ತು. ಊರ ಬೋರಿನದು ಸವಳು ನೀರು. ಅದರಲ್ಲಿ ಬೇಳೆ ಬೇಯದು, ಸಾಬೂನು ನೊರೆ ಕಟ್ಟದು, ಬಾಯಿಗೆ ಹಾಕಿದರೆ ಉಗುಳುವಂತಾಗುತ್ತಿತ್ತು. ಅದು ದನಕ್ಕೆ, ಬಟ್ಟೆಗೆ, ಮುಸುರೆಗೆ. ಕುಡಿಯುವ ಸೀನೀರಿಗೆ ಹಗರಿಯ ಒರತೆಗೇ ಹೋಗಬೇಕಿತ್ತು. ಮರಳನ್ನು ಮೊಣಕಾಲುದ್ದ, ಬೇಸಿಗೆಯಾದರೆ ಆಳುದ್ದ ತೋಡಿದರೆ ತಳದಲ್ಲಿ ಒಂದು ಬೊಗಸೆ ನೀರು ಜಿನುಗುತ್ತದೆ. ತೆಂಗಿನ ಚಿಪ್ಪಿನಲ್ಲಿ ಅದನ್ನು ಮೊಗೆದು, ಬಟ್ಟೆ ಕಟ್ಟಿದ ಕೊಡದ ಬಾಯಿಗೆ ಹೊಯ್ಯಬೇಕು. ಮತ್ತೆ ಜಿನುಗುವವರೆಗೆ ಕಾಯಬೇಕು. ಒಂದು ಕೊಡ ತುಂಬಲು ಒಂದು ಗಂಟೆಯೂ ಹಿಡಿಯುತ್ತಿತ್ತು. ಅತ್ತೆ ನನಗೆ ಮೊದಲು ಕಲಿಸಿದ್ದು ಅದನ್ನೇ: 'ಗಡಬಡ ಮಾಡಬ್ಯಾಡ ಯವ್ವಾ, ಚಿಪ್ಪು ತಳಕ್ಕ ತಾಗಿದ್ರ ನೀರು ಕದಡ್ತೈತಿ.'

ಬೆಳಗಿನ ಜಾವ ಮೂರಕ್ಕೆ ಎದ್ದು ಹೋಗುತ್ತಿದ್ದೆವು. ತಡವಾದರೆ ಒರತೆಯೆಲ್ಲ ಬರಿದು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಎರಡು ಕೊಡ, ಸೊಂಟಕ್ಕೆ ಒಂದು. ನನ್ನ ಮೊದಲ ಮಗಳು ಹೊಟ್ಟೆಯಲ್ಲಿದ್ದಾಗ ಎಂಟು ತಿಂಗಳವರೆಗೂ ಹೊತ್ತೆ. ನಾನೊಬ್ಬಳೇ ಅಲ್ಲ, ಆ ಓಣಿಯ ಬಸುರಿಯರೆಲ್ಲ ಹೊತ್ತರು.

2003ರ ಮೇ ತಿಂಗಳು. ಹಿಂದಿನ ವರ್ಷ ಮಳೆ ಪೂರಾ ಕೈಕೊಟ್ಟಿತ್ತು. ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ. ಜನ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದರು, ನನ್ನ ಗಂಡನೂ ಹೋಗಿದ್ದರು. ಒರತೆ ಎರಡಾಳು ಆಳಕ್ಕಿಳಿದಿತ್ತು. ಅಷ್ಟು ಆಳಕ್ಕೆ ಮರಳಿನ ಗೋಡೆ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಬೇರೆ ದಾರಿ ಇರಲಿಲ್ಲ. ಆ ದಿನ ನನ್ನ ಪಾಳಿ ಬಂದಾಗ ಇನ್ನೂ ಕತ್ತಲು. ಮೇಲೆ ಹತ್ತು ವರ್ಷದ ಮಗಳು ಲಾಟೀನು ಹಿಡಿದು ಕೂತಿದ್ದಳು. ಅರ್ಧ ಕೊಡ ತುಂಬಿರಬೇಕು, ಬೆನ್ನ ಹಿಂದೆ ಸರ್ರನೆ ಒಂದು ಸದ್ದು. ತಿರುಗುವುದರೊಳಗೆ ಮರಳು ಸೊಂಟದವರೆಗೆ ಬಂದಿತ್ತು, ಇನ್ನೊಂದು ಉಸಿರಿಗೆ ಎದೆಯವರೆಗೆ. ಹಸಿ ಮರಳಿನ ತೂಕ ಹೇಗಿರುತ್ತದೆ ಎಂದು ನಾನು ಹೇಳಲಾರೆ. ಉಸಿರು ಹೊರಗೆ ಬಿಟ್ಟರೆ ಮತ್ತೆ ಒಳಗೆ ಎಳೆಯಲು ಅದು ಜಾಗ ಕೊಡುವುದಿಲ್ಲ. ಮಗಳು 'ಅವ್ವಾ' ಎಂದು ಕೂಗಿದ್ದು ಕೇಳಿಸಿತು. ಬೇರೆ ಒರತೆಗಳಲ್ಲಿದ್ದ ಹೆಂಗಸರು ಓಡಿಬಂದರು. ಸಲಿಕೆ ಹಾಕಿದರೆ ನನಗೇ ಪೆಟ್ಟು ಬೀಳುತ್ತದೆಂದು ನೀರು ಮೊಗೆಯುವ ಚಿಪ್ಪಿನಿಂದಲೇ ತೋಡಿದರು. ಒಬ್ಬಳು ತನ್ನ ಸೀರೆಯ ಸೆರಗನ್ನು ನನ್ನ ಕಂಕುಳಿಗೆ ಬಿಗಿದು ಮೇಲಿನಿಂದ ಎಳೆದು ಹಿಡಿದಿದ್ದಳು. ಎಷ್ಟು ಹೊತ್ತಾಯಿತೋ, ಹೊರಗೆ ಎಳೆದು ಮಲಗಿಸಿದಾಗ ಬೆಳಕು ಹರಿದಿತ್ತು. ನನ್ನ ಕೊಡ ಒಳಗೇ ಹೂತು ಹೋಗಿತ್ತು. ಅಲ್ಲಿದ್ದ ಪ್ರತಿಯೊಬ್ಬಳೂ ತನ್ನ ಕೊಡದಿಂದ ಒಂದೊಂದು ಚಿಪ್ಪು ನೀರನ್ನು ಬೇರೊಂದು ಕೊಡಕ್ಕೆ ಹೊಯ್ದು, ತುಂಬಿಸಿ, ಮಗಳ ಸೊಂಟಕ್ಕೆ ಏರಿಸಿದರು. ಪಾಳಿಗಾಗಿ ದಿನಾ ಜಗಳವಾಡುತ್ತಿದ್ದವರು ಅವರು. ಮರುದಿನ ಅವರೂ ನಾನೂ ಮತ್ತೆ ಅಲ್ಲೇ ಇದ್ದೆವು, ಐದು ಹೆಜ್ಜೆ ಆಚೆಗೆ ತೋಡಿಕೊಂಡು.

ಪಕ್ಕೆಯ ಆ ನೋವು ಚಳಿಗಾಲದಲ್ಲಿ ಈಗಲೂ ಏಳುತ್ತದೆ. ಆದರೂ ಒಂದು ಮಾತು ಹೇಳಬೇಕು. ಹಗರಿಯ ಕಷ್ಟ ಕಣ್ಣಿಗೆ ಕಾಣುತ್ತಿತ್ತು. ನೀರು ದೂರವಿದ್ದರೆ ದೂರ ಎಂದು ಗೊತ್ತಾಗುತ್ತದೆ, ಸವಳಾಗಿದ್ದರೆ ನಾಲಗೆ ಹೇಳುತ್ತದೆ. ಪತ್ರಿಕೆಯವರು ಬಂದು ಒರತೆಯ ಪಟ ತೆಗೆದುಕೊಂಡು ಹೋದರು, ಟ್ಯಾಂಕರ್ ಬಂತು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ 1994ರಲ್ಲಿ ಜಿಲ್ಲೆಗೆ ನೀರು ಕೊಡುವುದಾಗಿ ಹೇಳಿ, ಒಂದೆರಡು ವರ್ಷದಲ್ಲೇ ನೂರಾರು ಹಳ್ಳಿಗಳಿಗೆ ಪೈಪು ಹಾಕಿಸಿದ್ದರು. 1999ರ ನವೆಂಬರ್ 23ರಂದು ಅಂಚೆ ಇಲಾಖೆ ಆ ಯೋಜನೆಯ ಸ್ಟ್ಯಾಂಪನ್ನೂ ತಂದಿತು. ನಮ್ಮ ಓಣಿಗೆ ನಲ್ಲಿ ಬರಲು ಇನ್ನೂ ಕೆಲವು ವರ್ಷ ಹಿಡಿದರೂ ಕೊನೆಗೆ ಬಂತು. ಕೂಗಿದ್ದಕ್ಕೆ ಒಂದು ದಿನ ಉತ್ತರ ಸಿಕ್ಕಿತು. ತವರಿನಲ್ಲಿ ಕೂಗಬೇಕೆಂಬುದೇ ಯಾರಿಗೂ ತಿಳಿಯಲಿಲ್ಲ. ಅಲ್ಲಿ ನೀರು ಮನೆಯಿಂದ ಐವತ್ತು ಹೆಜ್ಜೆಯಲ್ಲಿತ್ತು, ತಿಳಿಯಾಗಿತ್ತು, ರುಚಿಯಾಗಿತ್ತು.

2005ರಲ್ಲಿ ಅಮ್ಮ ನನ್ನ ಮನೆಗೆ ಬಂದಳು. ಬಸ್ಸಿನಿಂದ ಇಳಿಯುವಾಗಲೇ ನೋಡಿದೆ, ಇಡೀ ಮೈಯನ್ನು ತಿರುಗಿಸಿ ನನ್ನತ್ತ ನೋಡಿದಳು; ಕತ್ತು ಮಾತ್ರ ತಿರುಗಲಿಲ್ಲ. ಬೆನ್ನು ಮುಂದಕ್ಕೆ ಬಾಗಿತ್ತು. ಐವತ್ತಮೂರು ವಯಸ್ಸು. ಕೆಳಗೆ ಕೂತರೆ ಏಳಲು ಗೋಡೆ ಬೇಕು. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳಲು ಕೈ ಮೇಲಕ್ಕೆ ಬಾರದು. ರಾತ್ರಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚಿಕೊಂಡು ನರಳುವುದನ್ನು ಕೇಳುತ್ತಾ ಮಲಗಿದ್ದೆ. ಮಳೆ ಮೋಡ ನೋಡಬೇಕೆಂದರೆ ಅವಳು ಗೋಡೆಗೆ ಬೆನ್ನು ಒರಗಿಸಿ, ಕಾಲನ್ನು ಮುಂದಕ್ಕೆ ಜಾರಿಸಿ, ಮೈಯನ್ನೇ ಓರೆ ಮಾಡಿ ನೋಡಬೇಕಿತ್ತು. 'ವಯಸ್ಸಾಯ್ತು ಮಗಾ, ನೀರು ಹೊತ್ತು ಹೊತ್ತು ಹಿಂಗಾಗದೆ' ಎಂದಳು. ಊರಿನಲ್ಲಿ ಅವಳ ಓರಗೆಯವರೆಲ್ಲ ಹಾಗೆಯೇ ಆಗಿದ್ದರಿಂದ ಅವಳಿಗೆ ಅದು ವಯಸ್ಸಿನ ಧರ್ಮವೆಂದೇ ಕಂಡಿತ್ತು.

ಡಾಕ್ಟರುಗಳ ಹತ್ತಿರ ಓಡಾಡಿದೆವು. ಕೀಲುವಾತ ಎಂದು ಮಾತ್ರೆ ಕೊಟ್ಟರು. ಸೂಜಿ ಚುಚ್ಚಿದರು. ಒಂದು ಕಡೆ, ನಿಮ್ಮ ಕಡೆಯ ನೀರು ಸರಿಯಿಲ್ಲ, ಕುದಿಸಿ ಕುಡಿಸಿ ಎಂದರು. ಒಂದು ವರ್ಷ ತಮ್ಮನ ಹೆಂಡತಿ ದಿನಾ ಸೌದೆ ಉರಿಸಿ ಬೋರಿಂಗ್ ನೀರನ್ನು ಅರ್ಧಕ್ಕೆ ಇಳಿಯುವಂತೆ ಕುದಿಸಿ ಅತ್ತೆಗೆ ಕೊಟ್ಟಳು. ಕುದಿಸಿದರೆ ಹುಳು ಸಾಯುತ್ತದೆ, ನಮ್ಮ ಬೋರಿಂಗ್ ನೀರಿನಲ್ಲಿದ್ದ ಫ್ಲೋರೈಡ್ ಸಾಯುವುದಿಲ್ಲ; ಆ ಹೆಸರು ನಮಗೆ ಆಗ ಗೊತ್ತಿರಲಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಆ ಹುಡುಗಿ ಭಕ್ತಿಯಿಂದ ಮಾಡಿದ ಆ ಸೇವೆ ನೆನೆದರೆ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

2006ರಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅಮ್ಮನ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಮಾತಾಡಿಸಿದ್ದು ಅಮ್ಮನನ್ನಲ್ಲ, ಜೊತೆಗೆ ಬಂದಿದ್ದ ತಮ್ಮನನ್ನು. 'ಬಾಯಿ ತೆಗಿಯಪ್ಪ' ಎಂದರು. ಅವನು ಕೈ ಅಡ್ಡ ಹಿಡಿದ. ಅವರೇ ಮೆಲ್ಲಗೆ ಆ ಕೈ ಸರಿಸಿದರು. 'ನಿಮ್ಮೂರಿಗೆ ಬೋರ್ ಯಾವಾಗ ಬಂತು?' ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವರು ಅವರು.

ಅವರು ಬಿಡಿಸಿ ಹೇಳಿದರು. ನಮ್ಮ ನೆಲದಡಿಯ ಕಲ್ಲಿನಲ್ಲೇ ಫ್ಲೋರೈಡ್ ಇದೆ. ನೀರು ಆ ಕಲ್ಲಿನ ಬಿರುಕಿನಲ್ಲಿ ಎಷ್ಟು ಕಾಲ ನಿಲ್ಲುತ್ತದೋ ಅಷ್ಟು ಅದನ್ನು ಕರಗಿಸಿಕೊಳ್ಳುತ್ತದೆ. ಮೇಲಿನ ಬಾವಿಯಲ್ಲಿ ಹೊಸ ಮಳೆಯ ನೀರಿತ್ತು, ಅದರಲ್ಲಿ ಹುಳುವಿತ್ತು. ಬೋರು ಮುಟ್ಟಿದ್ದು ಬಂಡೆಯ ಹಳೆಯ ನೀರನ್ನು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಮಗುವಿಗೆ ಎಂಟು ವರ್ಷವಾಗುವವರೆಗೆ ದವಡೆಯೊಳಗೆ ಹಲ್ಲಿನ ಹೊಳಪು ಕಟ್ಟುತ್ತಿರುತ್ತದೆ; ಆಗ ಈ ನೀರು ಕುಡಿದರೆ ಹಲ್ಲು ಕೆಡುತ್ತದೆ. ನಾನು ಬೋರಿಂಗ್ ನೀರು ಕುಡಿಯಲು ಶುರು ಮಾಡುವಾಗ ಎಂಟು ತುಂಬಿತ್ತು, ಅದಕ್ಕೇ ಪಾರಾದೆ. ದೊಡ್ಡವರಲ್ಲಿ ಅದು ವರ್ಷಗಟ್ಟಲೆ ಮೂಳೆಯಲ್ಲಿ ಸೇರುತ್ತಾ ಹೋಗಿ, ಕೀಲಿನ ನಾರುಗಳನ್ನೂ ಮೂಳೆಯಂತೆ ಗಟ್ಟಿ ಮಾಡುತ್ತದೆ. ಎಕ್ಸ್-ರೇಯಲ್ಲಿ ಅಮ್ಮನ ಬೆನ್ನುಮೂಳೆ ಸುಣ್ಣ ಬಳಿದ ಕಂಬದ ಹಾಗೆ ಬೆಳ್ಳಗೆ ಕಾಣುತ್ತಿತ್ತು. 'ಇದಕ್ಕೆ ಔಷಧಿ ಇಲ್ಲಮ್ಮ. ನೀರು ಬದಲಾಯಿಸಿ. ಹಾಲು ಮಜ್ಜಿಗೆ, ಸೊಪ್ಪು, ನೆಲ್ಲಿಕಾಯಿ ಕೊಡಿ. ಇನ್ನೂ ಹೆಚ್ಚಾಗುವುದನ್ನು ತಡೆಯಬಹುದು, ಅಷ್ಟೇ' ಎಂದರು.

ಹೊರಗೆ ಬಂದು ಮರದ ಕೆಳಗೆ ಕೂತೆವು. ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಾನು ಉಜ್ಜಿದ್ದೆ ಕಣಕ್ಕ' ಎಂದ. ಮೇಷ್ಟ್ರು ಹೊಡೆದು ಹದಿನೆಂಟು ವರ್ಷವಾಗಿತ್ತು.

ನನಗೆ ಸಿಟ್ಟು ಬಂದದ್ದು ಇನ್ನೂ ತಡವಾಗಿ, ನಿಯಮಗಳನ್ನು ಓದಿದ ಮೇಲೆ. ನಾನು ಗಂಡನ ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಮೀಟಿಂಗು, ತರಬೇತಿ ಎಂದು ಕಾಗದಪತ್ರ ಕೈಗೆ ಬರುತ್ತವೆ. ಊರಿಗೆ ನೀರಿನ ಸಮಸ್ಯೆ ಇದೆಯೋ ಇಲ್ಲವೋ ಎಂದು ಅಳೆಯಲು ಸರ್ಕಾರ ಮೊದಲಿಂದ ಇಟ್ಟುಕೊಂಡಿದ್ದ ಲೆಕ್ಕವೇನು ಗೊತ್ತೆ? 1.6 ಕಿಲೋಮೀಟರ್ ಒಳಗೆ ನೀರಿನ ಮೂಲ ಇರಬೇಕು. ತಲೆಗೆ ದಿನಕ್ಕೆ 40 ಲೀಟರ್ ಸಿಗಬೇಕು. 250 ಜನಕ್ಕೆ ಒಂದು ಬೋರಿಂಗ್. ನನ್ನ ತವರು ಈ ಲೆಕ್ಕದಲ್ಲೆಲ್ಲ ತೇರ್ಗಡೆಯಾಗಿತ್ತು. ಅದೇ ಕಾಗದದಲ್ಲಿ, ನೀರಿನಲ್ಲಿ ಉಪ್ಪು, ಕಬ್ಬಿಣ, ಫ್ಲೋರೈಡ್ ಮಿತಿಮೀರಿದ್ದರೆ ಅದೂ ಸಮಸ್ಯೆಯ ಊರೇ ಎಂದೂ ಬರೆದಿತ್ತು. ಮೊದಲನೆಯದನ್ನು ಕಾಲಿನಿಂದ ಅಳೆಯಬಹುದು. ಎರಡನೆಯದಕ್ಕೆ ಒಂದು ಬಾಟಲಿ ನೀರನ್ನು ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು. ಇಪ್ಪತ್ತೈದು ವರ್ಷ ನಮ್ಮ ಬೋರಿಂಗಿನ ಒಂದು ಬಾಟಲಿ ನೀರನ್ನು ಯಾರೂ ಒಯ್ಯಲಿಲ್ಲ. ಫ್ಲೋರೈಡ್ ಆಂಧ್ರಕ್ಕೆ ಹೊಸ ವಿಷಯವಾಗಿರಲಿಲ್ಲ. 1937ರಲ್ಲೇ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ನೀರಿನಿಂದ ಜನರ ಬೆನ್ನು ಬಿಗಿಯುವುದನ್ನು ಡಾಕ್ಟರುಗಳು ವರದಿ ಮಾಡಿದ್ದರು. ನಮ್ಮೂರಿನಲ್ಲಿ ಬಂಡೆ ಕೊರೆಯುವಾಗ ಆ ವರದಿಗೆ ನಲವತ್ತಮೂರು ವರ್ಷವಾಗಿತ್ತು.

ಡಾಕ್ಟರು ಹೇಳಿದ ಮೇಲೆ ತಮ್ಮ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಗಡಿಯಾಚೆಯ ತೋಟದ ಹಳೆಯ ಬಾವಿಯಿಂದ ನೀರು ತರಲು ಶುರು ಮಾಡಿದ. ಹೋಗಿಬರಲು ಹನ್ನೊಂದು ಕಿಲೋಮೀಟರ್. ಎಂಟು ವರ್ಷ ತಂದ. ಆ ಬಾವಿಯೂ ಒಂದು ಬೇಸಿಗೆ ಬತ್ತಿತು. ಆಮೇಲೆ ಶುದ್ಧ ನೀರಿನ ಘಟಕಗಳು ಬಂದವು. 2014ರ ಅಕ್ಟೋಬರ್ 2ರಂದು ಸರ್ಕಾರ 20 ಲೀಟರಿಗೆ 2 ರೂಪಾಯಿಯಂತೆ ಕೊಡುವ ಯೋಜನೆ ಶುರು ಮಾಡಿತು. ಕರೆಂಟು ಇದ್ದ ದಿನ, ಮೋಟಾರು ಸುಡದ ದಿನ, ನೀರು ಸೋಸುವ ಪೊರೆ ಬದಲಿಸಿದ ತಿಂಗಳು ಆ ನೀರು ನಿಜಕ್ಕೂ ಚೆನ್ನಾಗಿರುತ್ತದೆ. ಕೆಟ್ಟು ನಿಂತರೆ ರಿಪೇರಿಯವರು ಬರುವವರೆಗೆ ಜನ ಮತ್ತೆ ಬೋರಿಂಗಿಗೇ. ದುಡ್ಡಿದ್ದವರು ಆಟೋದಲ್ಲಿ ಬರುವ ಕ್ಯಾನು ಕೊಳ್ಳುತ್ತಾರೆ. ಕೂಲಿಯವರು ಕೊಂಡ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಬೋರಿನ ನೀರಲ್ಲೇ ಮುದ್ದೆ, ಸಾರು ಮಾಡುತ್ತಾರೆ. ಫ್ಲೋರೈಡ್ ಮುದ್ದೆಯ ಜೊತೆಗೂ ಒಳಗೆ ಹೋಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾಯಿತು. ಮನೆಮನೆಗೆ ನಲ್ಲಿ, ತಲೆಗೆ 55 ಲೀಟರ್. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೊಂದು ಮಾತು: ಪ್ರತಿ ಊರಿನಲ್ಲಿ ಐದು ಹೆಂಗಸರಿಗೆ ನೀರು ಪರೀಕ್ಷೆ ಮಾಡಲು ಕಲಿಸಬೇಕು. ಗಂಡನ ಊರಿನ ಐವರಲ್ಲಿ ನಾನೂ ಒಬ್ಬಳಾದೆ. ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡು ಕಲಿತೆ. ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ ಗಾಜಿನ ಕೊಳವೆ, ಔಷಧಿಯ ಬಾಟಲಿಗಳು, ಬಣ್ಣದ ಪಟ್ಟಿ. ಫ್ಲೋರೈಡ್ ಪರೀಕ್ಷೆಯಲ್ಲಿ ಔಷಧಿಯ ಹನಿ ಹಾಕಿದ ನೀರು ಗುಲಾಬಿ ಬಣ್ಣದಲ್ಲಿ ಉಳಿದರೆ ಒಳ್ಳೆಯದು, ಹಳದಿಗೆ ತಿರುಗಿದಷ್ಟೂ ಕೆಟ್ಟದು.

ಆ ಪೆಟ್ಟಿಗೆಯನ್ನು ತವರಿಗೆ ಒಯ್ದೆ. ಅಷ್ಟರಲ್ಲಿ ಅಲ್ಲಿಗೂ ಅಣೆಕಟ್ಟೆಯ ನೀರಿನ ಪೈಪು ಬಂದಿತ್ತು, ತಮ್ಮನ ಅಂಗಳದಲ್ಲಿ ನಲ್ಲಿ ಇತ್ತು. ಮೊದಲ ದಿನ ಹಿಡಿದ ನೀರು ಗುಲಾಬಿಯಾಗಿಯೇ ಉಳಿಯಿತು. ಅಮ್ಮ ಕೈ ಮುಗಿದಳು. ಎರಡು ದಿನ ಬಿಟ್ಟು, ಹೊರಡುವ ಬೆಳಿಗ್ಗೆ, ಮಕ್ಕಳಿಗೆ ತೋರಿಸೋಣವೆಂದು ಅದೇ ನಲ್ಲಿಯ ನೀರು ಹಿಡಿದು ಹನಿ ಹಾಕಿದೆ. ಎಲ್ಲರ ಕಣ್ಣೆದುರಿಗೆ ಅದು ಹಳದಿಯಾಯಿತು. ಬಣ್ಣದ ಪಟ್ಟಿಯ ಪಕ್ಕ ಹಿಡಿದರೆ ಮಿತಿಯ ಎರಡರಷ್ಟಕ್ಕಿಂತ ಮೇಲೆ. ತಪ್ಪಾಗಿರಬೇಕೆಂದು ಮತ್ತೆ ಮಾಡಿದೆ. ಮತ್ತೆ ಹಳದಿ. ನೀರು ಬಿಡುವವನನ್ನು ಕೇಳಿದೆ. ಅವನು ಏನನ್ನೂ ಮುಚ್ಚಿಡಲಿಲ್ಲ. 'ಮೇಲಿಂದ ನೀರು ಬರ್ಲಿಲ್ಲ ಅಂದ್ರೆ ಟ್ಯಾಂಕಿಗೆ ಬೋರ್ ನೀರು ಬಿಡ್ತೀನಮ್ಮ. ಖಾಲಿ ನಲ್ಲಿ ಬಿಟ್ರೆ ಜನ ಸುಮ್ನಿರ್ತಾರಾ?' ಎಂದ.

ಅವನ ತಪ್ಪಲ್ಲ. ಕೃಷ್ಣೆಯ ನೀರೋ ತುಂಗಭದ್ರೆಯ ನೀರೋ ನೂರಾರು ಕಿಲೋಮೀಟರ್ ಹತ್ತಿ ಬರುವ ಸಾಲಿನಲ್ಲಿ ನಮ್ಮವು ಕೊನೆಯ ಊರುಗಳು. ಒಂದು ಪೈಪು ಒಡೆದರೂ ವಾರ ನೀರಿಲ್ಲ. ಆದರೆ ಒಂದೇ ನಲ್ಲಿಯಲ್ಲಿ ಎರಡು ನೀರು ಬರುತ್ತವೆ, ಯಾವ ದಿನ ಯಾವುದೆಂದು ಕುಡಿಯುವವರಿಗೆ ಯಾರೂ ಹೇಳುವುದಿಲ್ಲ. ವರದಿಯಲ್ಲಿ ಆ ಮನೆಗೆ ನಲ್ಲಿ ಇದೆ. ವರ್ಷಕ್ಕೊಮ್ಮೆ ಬಂದು, ಒಳ್ಳೆಯ ನೀರು ಬಂದ ದಿನ ಬಾಟಲಿ ಹಿಡಿದು ಹೋದರೆ ಪರೀಕ್ಷೆಯಲ್ಲೂ ಆ ಊರು ತೇರ್ಗಡೆ. ನಾನು ಬಣ್ಣದ ಪಟ್ಟಿಯ ಲೆಕ್ಕವನ್ನು ದಿನಾಂಕದ ಸಮೇತ ಬರೆದು ಕೊಟ್ಟು ಬಂದೆ. ಬೋರು ಬಿಡುವ ದಿನ ಟ್ಯಾಂಕಿನ ಮೇಲೆ ಒಂದು ಕೆಂಪು ಬಟ್ಟೆ ಕಟ್ಟಿಸುವ ಏರ್ಪಾಡನ್ನು ತಮ್ಮ ಮಾಡಿದ. ಕೆಂಪು ಬಟ್ಟೆ ಕಂಡ ದಿನ ಚಿಕ್ಕ ಮಕ್ಕಳಿರುವ ಮನೆಯವರು ಹಿಂದಿನ ದಿನ ಹಿಡಿದಿಟ್ಟ ನೀರನ್ನೋ ಮಳೆಗಾಲವಾದರೆ ಸೂರಿನ ನೀರನ್ನೋ ಕುಡಿಸುತ್ತಾರೆ. ಎಲ್ಲ ಮನೆಯವರೂ ಅಲ್ಲ, ಆದರೆ ಕೆಲವರಾದರೂ. ತಮ್ಮನ ಮೊಮ್ಮಗಳಿಗೆ ಈಗ ಮೂರು ವರ್ಷ.

2022ರ ಸೆಪ್ಟೆಂಬರ್‌ನಲ್ಲಿ, ಹಗರಿಗೆ ಮೇಲೆ ಕಟ್ಟಿದ ಅಣೆಕಟ್ಟೆ, ಹಿರಿಯೂರಿನ ವಾಣಿವಿಲಾಸ ಸಾಗರ, 1933ರ ಮೇಲೆ ಮೊದಲ ಸಲ ಕೋಡಿ ಬಿತ್ತು. ಹಗರಿ ದಡ ಮುಟ್ಟಿ ಹರಿದಳು. ನಾನು ಹೂತುಹೋಗಿದ್ದ ಜಾಗ ಎಲ್ಲಿ ಎಂದು ಗುರುತು ಸಿಗಲಿಲ್ಲ. ಕೆಂಪು ರಾಡಿಯ ಆ ನೀರನ್ನು ಯಾರೂ ಕುಡಿಯುವ ಹಾಗಿರಲಿಲ್ಲ. ಆ ದಿನಗಳಲ್ಲೂ ಕುಡಿಯುವ ನೀರಿಗೆ ನಾವು ಸೂರಿನಡಿ ಬಿಂದಿಗೆಯನ್ನೇ ಇಟ್ಟೆವು. ಮಗಳು ಫೋನಿನಲ್ಲಿ ಹೊಳೆಯ ಪಟ ತೆಗೆದು ಅಜ್ಜಿಗೆ ಕಳಿಸಿದಳು. ಫೋನನ್ನು ಕಣ್ಣಿನ ಮಟ್ಟಕ್ಕೆ ಯಾರಾದರೂ ಹಿಡಿದರೆ ಅಮ್ಮ ನೋಡಬಲ್ಲಳು.

ಇದನ್ನು ಓದುವ ನೀವು ಮಡಕಶಿರಾ, ಪಾವಗಡ, ಶಿರಾ, ಚಳ್ಳಕೆರೆ, ರಾಯದುರ್ಗ, ಯಾವ ಕಡೆಯವರಾದರೂ ಆಗಿರಿ, ನಿಮ್ಮೂರಿನ ಬೋರಿನ ನೀರನ್ನು, ಬೋರು ಬಿಟ್ಟ ದಿನವೇ, ತೊಳೆದ ಒಂದು ಬಾಟಲಿಯಲ್ಲಿ ಹಿಡಿಯಿರಿ. ಊರಿನಲ್ಲಿ ಪರೀಕ್ಷೆಯ ಪೆಟ್ಟಿಗೆ ಯಾರ ಹತ್ತಿರ ಇದೆ ಎಂದು ಪಂಚಾಯತಿಯಲ್ಲಿ ಕೇಳಿ, ಇರಬೇಕಾದದ್ದು ನಿಯಮ. ಎಂಟು ವರ್ಷದೊಳಗಿನ ಮಗು ಇರುವ ಮನೆಯಾದರೆ ನಾಳೆಗೆ ಬಿಡಬೇಡಿ.